ಗರ್ಭಕೋಶದ ಕ್ಯಾನ್ಸರ್: ಉಪಕರಣದಿಂದ ರೋಗ ಮರುಕಳಿಸುವುದೇ?

ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಮ್ಮೆ ರಕ್ತ ಕಾಣಿಸಿಕೊಂಡರೂ ಅದನ್ನು 'ಉಷ್ಣ' ಎಂದು ತಳ್ಳಿಹಾಕಬಾರದು. ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸೂಚನೆ ಹೆಚ್ಚಾಗಿ ಇದೇ. ಕಾಪು, ಕಾರ್ಕಳದ ಕಡೆಯ ತಾಯಂದಿರು ಮಕ್ಕಳಿಗೆ ಹೇಳಲು ಸಂಕೋಚಪಟ್ಟು ತಿಂಗಳುಗಟ್ಟಲೆ ಸುಮ್ಮನಿರುವುದುಂಟು. ಬೇಗ ಬಂದವರಲ್ಲಿ ರೋಗ ಸಾಮಾನ್ಯವಾಗಿ ಗರ್ಭಕೋಶದೊಳಗೇ ಇರುತ್ತದೆ. ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನವರು ಗುಣವಾಗುತ್ತಾರೆ.

ಈಗ ಉಡುಪಿ, ಮಣಿಪಾಲಗಳಲ್ಲೂ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಲ್ಯಾಪ್ರೊಸ್ಕೋಪಿ ವಿಧಾನದಲ್ಲಿ ಗರ್ಭಕೋಶ ತೆಗೆಯುತ್ತಾರೆ. ಕ್ಯಾನ್ಸರಿಗೆ ಇಷ್ಟು ಸಾಕೇ ಎಂದು ಮನೆಯವರು ಕೇಳುವುದು ಸಹಜ. 760 ಮಹಿಳೆಯರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಎರಡೂ ವಿಧಾನಗಳ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. (ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಮಾತು ಬೇರೆ. ಅಲ್ಲಿ ಹೊಟ್ಟೆ ತೆರೆದು ಮಾಡುವುದೇ ಮೇಲು ಎಂದು 2018ರಲ್ಲಿ ತಿಳಿಯಿತು.)

ಚರ್ಚೆ ಇರುವುದು 'ಯುಟರೈನ್ ಮ್ಯಾನಿಪ್ಯುಲೇಟರ್' ಎಂಬ ಉಪಕರಣದ ಬಗ್ಗೆ. ಯೋನಿಮಾರ್ಗವಾಗಿ ಗರ್ಭಕೋಶದೊಳಗೆ ತೂರಿಸಿ, ಅದನ್ನು ಅತ್ತಿತ್ತ ಬಾಗಿಸಲು ಬಳಸುವ ಸಲಾಕೆಯಿದು. ಕೆಲವುದರ ತುದಿಯಲ್ಲಿ ಉಬ್ಬಿಸುವ ಬಲೂನು ಇರುತ್ತದೆ. ಶಸ್ತ್ರವೈದ್ಯರಿಗೆ ಇದರಿಂದ ಬಹಳ ಅನುಕೂಲ. ಆದರೆ ಅದು ಹೋಗಿ ಕೂರುವುದು ಕ್ಯಾನ್ಸರ್ ಇರುವ ಜಾಗದಲ್ಲೇ! ಅದರ ಒತ್ತಡಕ್ಕೆ ಕ್ಯಾನ್ಸರ್ ಕಣಗಳು ಅಂಡನಾಳದ ಮೂಲಕ ಹೊಟ್ಟೆಯೊಳಕ್ಕೆ ಜಾರಬಹುದೇ, ಗೋಡೆ ತೂತಾದರೆ ಏನು ಗತಿ ಎಂಬುದು ಸಂಶಯ.

ಸ್ಪೇನ್‌ನ ವೈದ್ಯರು 15 ಆಸ್ಪತ್ರೆಗಳ 2661 ರೋಗಿಗಳ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಉಪಕರಣ ಬಳಸಿದವರಲ್ಲಿ ಶೇ. 11.7ರಷ್ಟು, ಬಳಸದವರಲ್ಲಿ ಶೇ. 7.4ರಷ್ಟು ಮಂದಿಗೆ ರೋಗ ಮರುಕಳಿಸಿತ್ತು. ಇದು ಕಡೆಗಣಿಸುವಂಥ ಅಂತರವಲ್ಲ. ಆದರೆ ಇದು ಹಿಂದಿನ ದಾಖಲೆಗಳಿಂದ ತೆಗೆದ ಲೆಕ್ಕ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ಇಂಥ ವ್ಯತ್ಯಾಸ ಕಂಡಿಲ್ಲ. ಹಾಗಾಗಿ ಉಪಕರಣವೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಈ ಹೆದರಿಕೆಯಿಂದ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುವುದು ಮಾತ್ರ ತಪ್ಪು.

ಶಸ್ತ್ರವೈದ್ಯರನ್ನು ಕೇಳಲು ಸಂಕೋಚ ಬೇಡ: ಆ ಸಲಾಕೆ ಬಳಸುತ್ತೀರಾ? ಬಳಸುವುದಾದರೆ ಅಂಡನಾಳಗಳನ್ನು ಮೊದಲೇ ಮುಚ್ಚುತ್ತೀರಾ? ಗರ್ಭಕೋಶವನ್ನು ಇಡಿಯಾಗಿ ಹೊರತೆಗೆಯುತ್ತೀರಾ? ಕ್ಯಾನ್ಸರ್ ಇರುವ ಗರ್ಭಕೋಶವನ್ನು ಹೊಟ್ಟೆಯೊಳಗೆ ಚೂರು ಮಾಡಿ ತೆಗೆಯುವುದು ಸಲ್ಲದು. ಆದ್ದರಿಂದಲೇ, ಮುಟ್ಟು ನಿಂತ ಮೇಲೆ ರಕ್ತ ಹೋದವರು 'ಬರೀ ಗಡ್ಡೆ' ಎಂದುಕೊಂಡು ಗರ್ಭಕೋಶ ತೆಗೆಸುವ ಮೊದಲು ಒಳಪದರದ ಬಯಾಪ್ಸಿ ಮಾಡಿಸಿಕೊಳ್ಳಲೇಬೇಕು.

ಶಸ್ತ್ರಚಿಕಿತ್ಸೆಯ ನಂತರ ಬರುವ ಬಯಾಪ್ಸಿ ವರದಿಯನ್ನು ಜೋಪಾನವಾಗಿಡಿ. ಮೊದಲ ಎರಡು-ಮೂರು ವರ್ಷ ವೈದ್ಯರು ಹೇಳಿದ ದಿನ ತಪ್ಪಿಸಬೇಡಿ. ನಡುವೆ ಮತ್ತೆ ರಕ್ತ ಕಂಡರೆ ಆ ದಿನಕ್ಕೆ ಕಾಯದೆ ಹೋಗಿ ತೋರಿಸಿ.