ಹಬ್ಬದ ತೋರಣ: ಹಸಿರೆಲೆಯೋ, ಕೃತಕ ಎಲೆಯೋ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಗ್ರಾಮಗಳಲ್ಲಿ ಯುಗಾದಿಯಿಂದ ದೀಪಾವಳಿಯವರೆಗೆ ತೋರಣವಿಲ್ಲದೆ ಯಾವ ಹಬ್ಬವೂ ನಡೆಯುವುದಿಲ್ಲ. ಬಾಗಿಲಿಗೆ ಮಾವಿನೆಲೆ, ಮಂಟಪಕ್ಕೆ ಬಾಳೆಯ ಗಿಡ, ದೇವರಿಗೆ ಚೆಂಡುಹೂವು, ವಿಜಯದಶಮಿಯ ಸಂಜೆ ಕೈಯಿಂದ ಕೈಗೆ ಬನ್ನಿ. ಇವೆಲ್ಲವೂ ಒಕ್ಕಲಿಗನ ಹೊಲದಲ್ಲಿಯೇ ಹುಟ್ಟುವ ಪದಾರ್ಥಗಳಾದುದರಿಂದ ಹಿಂದಿನವರು ಇವುಗಳಿಗಾಗಿ ಪೇಟೆಯ ದಾರಿ ಹಿಡಿಯುತ್ತಿರಲಿಲ್ಲ. ಈಚೆಗೆ ಪ್ಲಾಸ್ಟಿಕ್ಕಿನ ಮಾವಿನೆಲೆ, ಬಟ್ಟೆಯ ಚೆಂಡುಹೂವು ಮುಂತಾದವು ಪೇಟೆಯ ಅಂಗಡಿಗಳಲ್ಲಿ ಸಾಲುಸಾಲಾಗಿ ತೂಗಾಡುತ್ತಿದ್ದು, ಹತ್ತಾರು ಎಕರೆ ಜಮೀನುಳ್ಳವರ ಬಾಗಿಲಿಗೂ ಅವೇ ಏರಿವೆ. ಇವೆರಡರಲ್ಲಿ ಯಾವುದನ್ನು ಆರಿಸತಕ್ಕದ್ದೆಂಬುದು ಮೇಲ್ನೋಟಕ್ಕೆ ಮನೆಯ ಶೃಂಗಾರದ ವಿಷಯವೆಂದು ತೋರಬಹುದು. ಆದರೆ ತಿಪ್ಪೆ, ದನಕರು, ಮಾವಿನ ಫಸಲು, ಹೊಲದ ಬದುವಿನ ಮರ ಇವೆಲ್ಲಕ್ಕೂ ಸಂಬಂಧಪಟ್ಟಿರುವುದರಿಂದ ಇದು ಒಕ್ಕಲುತನದ ವಿಷಯವೇ ಸರಿ.

ಕೃತಕ ತೋರಣದ ಪಕ್ಷವನ್ನು ಹಿಡಿಯುವವರ ಮಾತಿನಲ್ಲಿ ಹುರುಳೇ ಇಲ್ಲವೆನ್ನುವಂತಿಲ್ಲ. ಒಮ್ಮೆ ಕೊಂಡದ್ದು ಹಲವು ಹಬ್ಬಗಳಿಗೆ ಬರುತ್ತದೆ, ಗಿಡದ ಎಲೆಯನ್ನು ಕೀಳಬೇಕಾಗಿಲ್ಲ, ಮರುದಿನ ಬಾಡುವುದಿಲ್ಲ ಎಂದು ಅವರು ಹೇಳುತ್ತಾರೆ. ಇದೇ ಪ್ರಶ್ನೆಯು ಕ್ರೈಸ್ತರ ದೇಶಗಳಲ್ಲಿಯೂ ಎದ್ದಿದೆ. ಅಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಫರ್ ಜಾತಿಯ ಮರವೊಂದನ್ನು ಕಡಿದು ತಂದು ಮನೆಯೊಳಗೆ ನಿಲ್ಲಿಸುವ ಪದ್ಧತಿಯುಂಟು. ಈಗ ಅನೇಕರು ಪ್ಲಾಸ್ಟಿಕ್ಕಿನ ಮರವನ್ನೇ ಇಡುತ್ತಾರೆ. ಇಂಗ್ಲೆಂಡಿನ ಕಾರ್ಬನ್ ಟ್ರಸ್ಟ್ ಎಂಬ ಸಂಸ್ಥೆಯು ಈ ಎರಡರ ಲೆಕ್ಕವನ್ನು ಹಾಕಿತು. 2 ಮೀಟರ್ ಎತ್ತರದ ಕೃತಕ ಮರದ ಬಾಬಿನಲ್ಲಿ ಸುಮಾರು 40 ಕಿಲೋಗ್ರಾಂ ಇಂಗಾಲಾಮ್ಲ ಅನಿಲದಷ್ಟು ಹೊರೆ ವಾಯುಮಂಡಲಕ್ಕೆ ಸೇರುತ್ತದೆ. ಅಷ್ಟೇ ಎತ್ತರದ ನಿಜವಾದ ಮರವನ್ನು ಹಬ್ಬದ ತರುವಾಯ ಕಸದ ಗುಂಡಿಯಲ್ಲಿ ಹೂತರೆ ಸುಮಾರು 16, ಸುಟ್ಟುಬಿಟ್ಟರೆ ಸುಮಾರು 3½ ಕಿಲೋಗ್ರಾಂ ಮಾತ್ರ. ಎಂದರೆ ಕೃತಕ ಮರವು ನಿಜವಾದ ಮರಕ್ಕೆ ಸರಿದೂಗಬೇಕಾದರೆ ಹನ್ನೊಂದು ಹನ್ನೆರಡು ವರ್ಷ ಕೆಡದೆ ಬಾಳಬೇಕು. ಮನೆಯೊಳಗೆ ನಿಲ್ಲುವ ಮರವು ಹಾಗೆ ಬಾಳಿದರೂ ಬಾಳೀತು. ಬಾಗಿಲ ಹೊರಗೆ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ತೂಗುವ ಪ್ಲಾಸ್ಟಿಕ್ ಎಲೆಯಾದರೋ ಬೇಗನೆ ಬಣ್ಣಗೆಟ್ಟು, ಪೆಡಸಾಗಿ, ಮುಟ್ಟಿದರೆ ಚೂರಾಗುತ್ತದೆ. ಮತ್ತೊಂದು ಸಂಗತಿಯನ್ನು ಜಮೀನುದಾರರು ವಿಶೇಷವಾಗಿ ಗಮನಿಸತಕ್ಕದ್ದು: ಆ ದೇಶಗಳಲ್ಲಿ ಹಬ್ಬದ ಮರವು ಬಹುಮಟ್ಟಿಗೆ ಕಾಡಿನಿಂದ ಬಂದದ್ದಲ್ಲ. ರೈತರು ಅದನ್ನು ಎಂಟು ಹತ್ತು ವರ್ಷ ಹೊಲದಲ್ಲಿ ಬೆಳೆಯಾಗಿಯೇ ಬೆಳೆದು, ಕಡಿದ ಸ್ಥಳದಲ್ಲಿ ಮರುಸಸಿ ನೆಟ್ಟು, ಅದರಿಂದ ಜೀವನ ಸಾಗಿಸುತ್ತಾರೆ.

ನಮ್ಮಲ್ಲಿ ಹಬ್ಬ ಮುಗಿದ ಮೇಲೆ ತೋರಣವು ಸೇರುವುದು ತಿಪ್ಪೆಗೆ. ಮಾವಿನೆಲೆಯಾದರೆ ಗೊಬ್ಬರವಾಯಿತು. ಪ್ಲಾಸ್ಟಿಕ್ ಚೂರುಗಳಾದರೋ ಗೊಬ್ಬರದೊಡನೆ ಬಂಡಿಯೇರಿ ಹೊಲಕ್ಕೆ ಹೋಗಿ ಅಲ್ಲಿಯೇ ಉಳಿಯುತ್ತವೆ. ಮೇವಿನಲ್ಲಿ ಬೆರೆತು ದನದ ಹೊಟ್ಟೆಯನ್ನು ಸೇರಿದರೆ ಕರಗುವುದೂ ಇಲ್ಲ, ಹೊರಬೀಳುವುದೂ ಇಲ್ಲ. ದೀಪಾವಳಿಯ ಹೋರಿ ಬೆದರಿಸುವ ಹಬ್ಬದಲ್ಲಿ ಒಣಕೊಬ್ಬರಿಯ ಹಾರವೊಂದೇ ಸಾಲದೆಂದು ಹೋರಿಗೆ ಬಲೂನು, ಮಿಂಚುವ ಪಟ್ಟಿಗಳನ್ನು ಕಟ್ಟುವವರೂ ಈ ಮಾತನ್ನು ಆಲೋಚಿಸಬೇಕು. ಹೋರಿಯ ಮೈಮೇಲೆ ಒಪ್ಪುವ ಆಭರಣ ಕೊಬ್ಬರಿಯೇ.

ಬ್ಯಾಡಗಿಯ ರೈತರಿಗಂತೂ ನಿಜ ಮತ್ತು ಕೃತಕಗಳ ಭೇದವನ್ನು ಬೇರೆಯವರು ತಿಳಿಸಬೇಕಾಗಿಲ್ಲ. 2011ರಲ್ಲಿ ಭೌಗೋಳಿಕ ಸೂಚಕವೆಂಬ ನೋಂದಣಿಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆಯು ಅದರ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಸುಕ್ಕುಗಟ್ಟಿದ ಈ ಕಾಯಿಯಿಂದ ತೆಗೆದ ಕೆಂಪು ಸತ್ವವನ್ನು ಆಹಾರ ಪದಾರ್ಥಗಳಿಗೂ ಶೃಂಗಾರ ಸಾಮಗ್ರಿಗಳಿಗೂ ಬಳಸುತ್ತಾರೆ. ಸುಡಾನ್ ಎಂಬ ಕೃತಕ ಕೆಂಪು ಬಣ್ಣ ಬೆರೆತ ಮೆಣಸಿನ ಪುಡಿಯ ದೆಸೆಯಿಂದ 2005ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. ಕೃತಕ ಬಣ್ಣ ಬೇಡವೆನ್ನುವ ಗಿರಾಕಿಯಿಂದ ಲಾಭ ಹೊಂದುವ ಊರಿನವರೇ ಕೃತಕ ಎಲೆಯನ್ನು ಬಾಗಿಲಿಗೆ ಕಟ್ಟಿಕೊಂಡರೆ ನೆರೆಯ ಹೂವಿನ ಬೆಳೆಗಾರನು ಯಾರ ಮುಂದೆ ಹೇಳಿಕೊಳ್ಳಬೇಕು?

ಹಾಗೆಂದು ಹಸಿರೆಲೆಯನ್ನು ತರುವ ಈಗಿನ ರೀತಿಯು ನಿರ್ದೋಷವೆಂದು ಭಾವಿಸಕೂಡದು. ಗಣೇಶ ಚೌತಿ, ದಸರಾ ಹಬ್ಬಗಳ ಕಾಲಕ್ಕೆ ಹುಡುಗರು ಮಾವಿನ ಮರವನ್ನೇರಿ ಸಿಕ್ಕ ಸಿಕ್ಕ ಟೊಂಗೆಯ ತುದಿಗಳನ್ನು ಲಟಲಟನೆ ಮುರಿದು ಕೆಳಕ್ಕೆ ಎಸೆಯುತ್ತಾರೆ. ಮಾವು ಹೂ ಬಿಡುವುದು ಟೊಂಗೆಯ ತುದಿಯಲ್ಲಿ. ಅದೂ ಕೆಲವು ತಿಂಗಳ ಹಿಂದೆ ಚಿಗುರಿ ಚೆನ್ನಾಗಿ ಬಲಿತ ತುದಿಯಲ್ಲಿ. ಭಾದ್ರಪದ ಆಶ್ವೀಜಗಳಲ್ಲಿ ಮುರಿದ ತುದಿಯು ಪುಷ್ಯದ ಹೊತ್ತಿಗೆ ಹೂ ಬಿಡಲಾರದು. ಹೀಗೆ ಒಂದು ತೋರಣಕ್ಕಾಗಿ ಎಷ್ಟೋ ಗೊಂಚಲು ಕಾಯಿಗಳನ್ನು ಕಳೆದುಕೊಂಡಂತಾಗುತ್ತದೆ. ಹಾನಗಲ್ಲಿನ ಕಡೆಯ ಆಪೂಸಿನ ತೋಟಗಳವರು ಇದನ್ನು ಬಲ್ಲರು. ಆದಕಾರಣ ಟೊಂಗೆಯನ್ನು ಮುರಿಯದೆ, ಮರದ ಕೆಳಭಾಗದಲ್ಲಿಯೂ ಒಳಭಾಗದಲ್ಲಿಯೂ ಇರುವ ಬಲಿತ ಎಲೆಗಳನ್ನು ತೊಟ್ಟುಸಹಿತ ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಬಿಸಿಲು ಕಾಣದ ಒಳಗಿನ ಎಲೆಗಳಿಂದ ಮರಕ್ಕೆ ಆಗುವ ಉಪಯೋಗ ಅಲ್ಪ.

ಬನ್ನಿಯ ಸ್ಥಿತಿ ಇದಕ್ಕಿಂತ ಶೋಚನೀಯವಾದುದು. ನವರಾತ್ರಿಯಲ್ಲಿ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಿ, ಮಳೆ ಬೆಳೆಗಳ ವಿಚಾರವನ್ನು ಮಾತಾಡಿಕೊಳ್ಳುತ್ತ ಊರಿಗೆ ಮರಳಿದ ಜನರು, ದಶಮಿಯ ದಿನ ಬನ್ನಿ ಮುಡಿದು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ಹಿರಿಯರ ಕೈಗೆ ಎಲೆಯಿತ್ತು ನಮಸ್ಕರಿಸುತ್ತಾರೆ. ಊರಿಗೆಲ್ಲ ಇರುವುದು ಒಂದೋ ಎರಡೋ ಹಳೆಯ ಮರ. ಊರಿಗೆ ಊರೇ ಬಂದು ಅದನ್ನು ತರಿದರೆ ಅದು ಎಷ್ಟು ಕಾಲ ನಿಂತೀತು?

ಬನ್ನಿಯು ಬರಿಯ ಪೂಜೆಯ ಮರವೆಂದು ತಿಳಿದವರು ಅದರ ಅರ್ಧ ಬೆಲೆಯನ್ನು ಮಾತ್ರ ತಿಳಿದಂತೆ. ಇದರ ತಾಯಿಬೇರು ಬಹಳ ಆಳಕ್ಕಿಳಿಯುವುದರಿಂದ ಪಕ್ಕದ ಪೈರಿನೊಡನೆ ತೇವಕ್ಕಾಗಿ ಹೆಚ್ಚು ಸ್ಪರ್ಧಿಸುವುದಿಲ್ಲ. ದ್ವಿದಳ ಜಾತಿಯದಾದುದರಿಂದ ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಎಲೆ ಮತ್ತು ಕಾಯಿ ಆಡು ದನಗಳಿಗೆ ಒಳ್ಳೆಯ ಮೇವು. ರಾಜಸ್ಥಾನದ ಒಣಭೂಮಿಯಲ್ಲಿ ಖೇಜಡಿ ಎಂದು ಕರೆಯುವ ಈ ಮರವನ್ನು ಸಜ್ಜೆಯ ಹೊಲದ ನಡುವೆಯೇ ಉಳಿಸಿಕೊಳ್ಳುತ್ತಾರೆ. ಅದರ ಕೆಳಗಿನ ಪೈರು ಬಯಲಿನ ಪೈರಿಗಿಂತ ಹುಲುಸಾಗಿರುತ್ತದೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಎಂಬ ಗ್ರಾಮದಲ್ಲಿ ರಾಜನ ಆಳುಗಳು ಈ ಮರಗಳನ್ನು ಕಡಿಯಲು ಬಂದಾಗ, ಅಮೃತಾದೇವಿ ಎಂಬ ಹೆಂಗಸು ಮೊದಲಾಗಿ ಬಿಷ್ಣೋಯಿ ಮತದ 363 ಮಂದಿ ಮರಗಳನ್ನಪ್ಪಿಕೊಂಡು ಪ್ರಾಣವಿತ್ತರು.

ಹೊಲದ ಬದುವಿನ ಮೇಲೆ ಬನ್ನಿಯನ್ನು ಬೆಳೆಸಬೇಕೆನ್ನುವವರು ಮೊದಲು ಅದನ್ನು ಬಳ್ಳಾರಿ ಜಾಲಿಯಿಂದ ಬೇರ್ಪಡಿಸಿ ಗುರುತಿಸಬೇಕು. ಎರಡರ ಎಳೆಯ ಸಸಿಗಳೂ ಒಂದೇ ತೆರನಾಗಿ ಕಾಣುವುದರಿಂದ ಮೋಸಹೋಗುವುದು ಸುಲಭ. ಅಮೇರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯ ಮುಳ್ಳುಗಳು ಎಲೆ ಹುಟ್ಟುವ ಗಿಣ್ಣಿನಲ್ಲಿ ಜೋಡಿಜೋಡಿಯಾಗಿ, ನೀಳವಾಗಿ ಇರುತ್ತವೆ. ಬನ್ನಿಯ ಮುಳ್ಳುಗಳು ಬುಡದಲ್ಲಿ ದಪ್ಪನಾಗಿ, ಗಿಣ್ಣು ಗಿಣ್ಣುಗಳ ನಡುವೆ ಅಲ್ಲಲ್ಲಿ ಚದರಿರುತ್ತವೆ. ಜಾಲಿಯ ಕಾಯಿ ದಪ್ಪ ಮತ್ತು ಹಳದಿ, ಬನ್ನಿಯದು ಸಣಕಲು. ತಪ್ಪಿ ಜಾಲಿಯನ್ನು ನೆಟ್ಟರೆ ಮುಂದೆ ಹೊಲವನ್ನೇ ಅದಕ್ಕೆ ಬಿಟ್ಟುಕೊಡಬೇಕಾದೀತು.

ಬೀಜಕ್ಕೆ ಹುಳು ಬೇಗ ಬೀಳುವುದರಿಂದ ಕಾಯಿ ಬಲಿತ ಕೂಡಲೇ ಸಂಗ್ರಹಿಸಿ ತೂತಿಲ್ಲದವುಗಳನ್ನು ಆರಿಸಬೇಕು. ಬೀಜದ ಸಿಪ್ಪೆ ಗಟ್ಟಿ. ಕುದಿದ ನೀರನ್ನು ಒಲೆಯಿಂದಿಳಿಸಿ, ತುಸು ಆರಿದ ಮೇಲೆ ಬೀಜ ಹಾಕಿ ಒಂದು ದಿನ ನೆನೆಯಿಟ್ಟರೆ ಮೊಳಕೆ ಚೆನ್ನಾಗಿ ಬರುತ್ತದೆ. ತಾಯಿಬೇರು ಎಳೆತನದಲ್ಲಿಯೇ ಉದ್ದಕ್ಕೆ ಬೆಳೆಯುವುದರಿಂದ ಗಿಡ್ಡ ಚೀಲಗಳಲ್ಲಿ ಬೆಳೆಸಿದ ಸಸಿಗಳು ಹೊಲದಲ್ಲಿ ಬೇರೂರುವುದಿಲ್ಲ. ಆಳವಾದ ಚೀಲಗಳೇ ಬೇಕು. ಮಳೆಗಾಲದ ಮೊದಲ ಹದವಾದ ಮಳೆಯಲ್ಲಿ ಒಂದೂವರೆ ಅಡಿಯ ಗುಂಡಿ ತೆಗೆದು, ಮೂವತ್ತು ಅಡಿಗೊಂದರಂತೆ ನಾಟಿ ಮಾಡಿ, ಆಡುಗಳು ಮುಟ್ಟದಂತೆ ಎರಡು ಮೂರು ವರ್ಷ ಮುಳ್ಳುಬೇಲಿ ಕಟ್ಟತಕ್ಕದ್ದು. ಬನ್ನಿ ಬೆಳೆಯುವುದು ನಿಧಾನ. ಹತ್ತು ವರ್ಷದವರೆಗೆ ಟೊಂಗೆಗೆ ಕೈಹಚ್ಚಬಾರದು. ನೆಟ್ಟವನಿಗಿಂತ ಅವನ ಮಕ್ಕಳಿಗೆ ಅದರ ಫಲ ಹೆಚ್ಚೆಂದು ತಿಳಿದೇ ನೆಡಬೇಕು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಬೇಸಿಗೆಯಲ್ಲಿಯೇ ವಿಚಾರಿಸಿ ಬೇಡಿಕೆ ಕೊಟ್ಟರೆ ಸಸಿ ಸಿಕ್ಕುವ ಸಂಭವ ಹೆಚ್ಚು.

ಇರುವ ಹಳೆಯ ಮರಗಳನ್ನು ಉಳಿಸುವ ಭಾರವು ಊರ ಹಿರಿಯರದು. ದಶಮಿಯ ಬೆಳಿಗ್ಗೆ ಬಲ್ಲವರಾದ ಇಬ್ಬರನ್ನು ಮರಕ್ಕೆ ಹತ್ತಿಸಿ, ಮೇಲಿನ ಮೂರನೆಯ ಒಂದು ಭಾಗವನ್ನು ಮುಟ್ಟದೆ, ಕೆಳಗಿನ ಸಣ್ಣ ಟೊಂಗೆಗಳನ್ನು ಹರಿತವಾದ ಕುಡುಗೋಲಿನಿಂದ ಕೊಯ್ಯಿಸಿ ದೇವಸ್ಥಾನದ ಕಟ್ಟೆಯ ಮೇಲೆ ಇರಿಸಿದರೆ, ಪೂಜೆಯಾದ ಮೇಲೆ ಎಲ್ಲರಿಗೂ ಅಲ್ಲಿಂದಲೇ ಹಂಚಬಹುದು. ಮಿಕ್ಕ ಸೊಪ್ಪು ಆಡುಗಳಿಗಾಯಿತು.

ಬಾಳೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗೊನೆ ಕೊಯ್ದ ಗಿಡವನ್ನೂ, ತಾಯಿಗಿಡದ ಸಾರವನ್ನು ಹೀರುವ ಹೆಚ್ಚಿನ ಕಂದುಗಳನ್ನೂ ಹೇಗೂ ಕಡಿಯಲೇಬೇಕು. ಮಂಟಪಕ್ಕೆ ಅವೇ ಸಾಕು. ಚೆಂಡುಹೂವನ್ನು ದಸರೆಗೆ ಪಡೆಯಬೇಕಾದರೆ ಸುಮಾರು 90 ದಿನ ಮೊದಲು ಸಸಿಮಡಿಯಲ್ಲಿ ಬೀಜ ಹಾಕಬೇಕು. ಟೊಮೆಟೊ ಬೆಳೆಯುವವರಿಗೆ ಇದರಿಂದ ಇಮ್ಮಡಿ ಲಾಭವುಂಟು. 16 ಸಾಲು ಟೊಮೆಟೊಕ್ಕೆ 1 ಸಾಲಿನಂತೆ, 25 ದಿನದ ಟೊಮೆಟೊ ಸಸಿಯೊಡನೆ 45 ದಿನದ ಚೆಂಡುಹೂವಿನ ಸಸಿಯನ್ನು ನೆಟ್ಟರೆ, ಕಾಯಿಕೊರಕದ ಪತಂಗವು ಹೂವಿಗೆ ಮರುಳಾಗಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಕ್ರಮವನ್ನು ಶಿಫಾರಸು ಮಾಡಿದ್ದಾರೆ.

ಬಾಡದ ಹಾರವೇ ಬೇಕೆನ್ನುವವರಿಗೆ ಹಾವೇರಿಯಲ್ಲಿಯೇ ಉತ್ತರವಿದೆ. ಏಲಕ್ಕಿ ಇಲ್ಲಿಯ ಬೆಳೆಯಲ್ಲ. ಮಲೆನಾಡಿನಿಂದ ಬಂದುದನ್ನು ಹಿಂದೆ ಇಲ್ಲಿ ತೊಳೆದು ಬಿಳುಪೇರಿಸಿ ಮಾರುತ್ತಿದ್ದರು. ಆ ವ್ಯಾಪಾರದ ಬೆನ್ನಿಗೆ ಬೆಳೆದ ಏಲಕ್ಕಿ ಹಾರದ ಕಸಬು ಇಂದಿಗೂ ಊರಿಗೆ ಕೀರ್ತಿ ತರುತ್ತಿದೆ. 2023ರ ಜನವರಿ 6, 7, 8ರಂದು 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕೂಡಿದ್ದು ಈ ಏಲಕ್ಕಿಯ ಊರಿನಲ್ಲಿಯೇ. ಸನ್ಮಾನಕ್ಕೆಂದು ಕೊಂಡ ಇಂಥ ಹಾರವು ವರ್ಷಗಟ್ಟಲೆ ಕೆಡದೆ ಪರಿಮಳ ಬೀರುತ್ತದೆ. ಕೊಟ್ಟ ಹಣವು ಕೈಕಸಬಿನವನಿಗೂ ಮಲೆನಾಡಿನ ಬೆಳೆಗಾರನಿಗೂ ಮುಟ್ಟುತ್ತದೆ.

ಜಾತ್ರೆ ಉತ್ಸವಗಳ ಮಂಟಪ ಕಟ್ಟಿಸುವವರು ಕಾನೂನನ್ನೂ ಮರೆಯಲಾಗದು. ಶೃಂಗಾರದ ಥರ್ಮೋಕೋಲ್ ಮತ್ತು ಪ್ಲಾಸ್ಟಿಕ್ ಬಾವುಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಕರ್ನಾಟಕ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ಕಿನ ಬಾವುಟ, ಪರಪರಿ, ಫ್ಲೆಕ್ಸ್ ಫಲಕಗಳನ್ನು ನಿಷೇಧಿಸಿತು.

ಈಗಾಗಲೇ ಮನೆಯಲ್ಲಿ ಕೃತಕ ತೋರಣವಿದ್ದರೆ ಅದನ್ನು ಕಿತ್ತೆಸೆಯುವುದು ಜಾಣತನವಲ್ಲ. ಬಿಸಿಲು ಬೀಳದ ಒಳಬಾಗಿಲಿಗೆ ಕಟ್ಟಿ ಬಾಳಿದಷ್ಟು ಕಾಲ ಬಳಸಬೇಕು. ಮುರಿದ ಮೇಲೆ ತಿಪ್ಪೆಗೂ ಹಾಕದೆ, ಒಲೆಗೂ ಹಾಕದೆ, ಗ್ರಾಮ ಪಂಚಾಯಿತಿಯ ಒಣಕಸದ ಬಂಡಿಗೆ ಒಪ್ಪಿಸಬೇಕು. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಉರಿದಾಗ ಆಮ್ಲದ ಘಾಟು ಹೊಗೆಯೇಳುತ್ತದಾದುದರಿಂದ, ಬಚ್ಚಲೊಲೆಗೆ ತುರುಕುವ ಅಭ್ಯಾಸವನ್ನು ಮನೆಯ ಯಜಮಾನರು ಕೂಡಲೇ ನಿಲ್ಲಿಸತಕ್ಕದ್ದು.