ದವಡೆಯ ಚೀಲಗಂಟು ಮತ್ತು ಬೆಳವಣಿಗೆಯ ಗುರುತು

ಹಲ್ಲು ಮೂಡುವ ಕಾಲದಲ್ಲಿ ದವಡೆಯೊಳಗೆ ಉಳಿದುಹೋದ ಅಂಗಾಂಶದಿಂದ ಕೆಲವೊಮ್ಮೆ ಚೀಲದಂತಹ ಗಂಟುಗಳು ಹುಟ್ಟುತ್ತವೆ. ಕೆರಟೋಸಿಸ್ಟ್ ಎಂಬುದು ಅವುಗಳಲ್ಲೊಂದು. ಇದು ಮೂಳೆಯ ಒಳಭಾಗದಲ್ಲಿ ಉದ್ದಕ್ಕೆ ಹರಡುವುದರಿಂದ ಮುಖ ಊದುವ ಮೊದಲೇ ಬಹುದೂರ ಸಾಗಿರುತ್ತದೆ. ಅನೇಕ ವೇಳೆ ಬೇರಾವುದೋ ಹಲ್ಲಿಗಾಗಿ ತೆಗೆಸಿದ ಕ್ಷ-ಕಿರಣ ಚಿತ್ರದಲ್ಲಿಯೇ ಇದು ಮೊದಲು ಗೋಚರಿಸುತ್ತದೆ.

ಸೂಕ್ಷ್ಮದರ್ಶಕದಲ್ಲಿ ಇದರ ಒಳಪೊರೆ ತೆಳುವಾಗಿ, ನಿರುಪದ್ರವಿಯಂತೆ ಕಾಣುತ್ತದೆ. ಆದರೆ ಕಿ-67 ಎಂಬ ಪ್ರೋಟೀನು ಬೇರೆಯೇ ಸಂಗತಿಯನ್ನು ತಿಳಿಸುತ್ತದೆ. ಇದನ್ನು ಗುರುತಿಸುವ ಪ್ರತಿಕಾಯವು 1983ರಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದಿತು. ಕೀಲ್ ನಗರದಿಂದಲೇ ಅದಕ್ಕೆ ಆ ಹೆಸರು. ವಿಭಜನೆಗೆ ತೊಡಗಿದ ಜೀವಕೋಶದಲ್ಲಿ ಈ ಪ್ರೋಟೀನು ಇರುತ್ತದೆ. ವಿಶ್ರಮಿಸುವ ಕೋಶದಲ್ಲಿ ಕಾಣದು. ಬಣ್ಣ ಹಿಡಿದ ಕೋಶಕೇಂದ್ರಗಳನ್ನು ಎಣಿಸಿದರೆ ಬೆಳವಣಿಗೆಯ ಚುರುಕು ತಿಳಿಯುತ್ತದೆ. ಹುಳುಕು ಹಲ್ಲಿನ ಬೇರಿನ ತುದಿಯಲ್ಲಾಗುವ ಸಾಮಾನ್ಯ ಚೀಲಕ್ಕಿಂತ ಕೆರಟೋಸಿಸ್ಟಿನಲ್ಲಿ ಇಂತಹ ಕೋಶಗಳು ಹೆಚ್ಚು. ಅವು ಮುಖ್ಯವಾಗಿ ತಳಪದರದ ಮೇಲಣ ಪದರಗಳಲ್ಲಿ ಕಂಡುಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಇದನ್ನು ಗೆಡ್ಡೆಯೆಂದು ಕರೆದು, 2017ರಲ್ಲಿ ಮರಳಿ ಚೀಲಗಳ ಸಾಲಿಗೆ ಸೇರಿಸಿತು. ಹೆಸರು ಬದಲಾದರೂ ಗುಣ ಬದಲಾಗಲಿಲ್ಲ. ಇದು ಕ್ಯಾನ್ಸರ್ ಅಲ್ಲ. ಆದರೆ ತೆಳುಪೊರೆಯ ಚೂರು ಉಳಿದರೂ ವರ್ಷಗಳ ಬಳಿಕ ಮರುಕಳಿಸಬಲ್ಲದು. ಕಿ-67ರ ಎಣಿಕೆಯೊಂದರಿಂದಲೇ ಚಿಕಿತ್ಸೆ ನಿರ್ಧಾರವಾಗದು.

ಆದಕಾರಣ ಶಸ್ತ್ರಚಿಕಿತ್ಸೆಯ ನಂತರ ನೋವಿಲ್ಲವೆಂದು ತಪಾಸಣೆಯನ್ನು ಬಿಡಬಾರದು. ವೈದ್ಯರು ಹೇಳಿದ ಅವಧಿಗೆ ಕ್ಷ-ಕಿರಣ ಪರೀಕ್ಷೆ ಆಗಲೇಬೇಕು. ವರ್ಗವಾಗಿ ಊರಿಂದೂರಿಗೆ ಹೋಗುವವರು ಅಂಗಾಂಶ ಪರೀಕ್ಷೆಯ ವರದಿಯನ್ನೂ ಹಳೆಯ ಚಿತ್ರಗಳನ್ನೂ ಜೋಪಾನವಾಗಿ ಒಯ್ಯುವುದು ಕ್ಷೇಮ.