ಮೊದಲು ನಂಬರು ಆರಿಸು, ಆಮೇಲೆ ಬ್ಲೇಡು ಹಿಡಿ

ತಮ್ಮಾ, ಅಮೆರಿಕದ ಉಗಿ ಎಂಜಿನ್ನಿನ ಪುಟ್ಟ ಮಾದರಿಯೊಂದನ್ನು ತರಿಸಿಕೊಂಡು ಅದನ್ನು ನಮ್ಮ ರೈಲ್ವೆಯ ಡಬ್ಲ್ಯುಜಿ ಎಂಜಿನ್ ಮಾಡಲು ಹೊರಟಿದ್ದೀಯ ಎಂದು ಕೇಳಿ ತುಂಬಾ ಸಂತೋಷವಾಯಿತು. ಎಲ್ಲರ ಕಣ್ಣೂ ಗುಂಡುಮೂತಿಯ ಪ್ಯಾಸೆಂಜರ್ ಎಂಜಿನ್ ಡಬ್ಲ್ಯುಪಿ ಮೇಲೆ. ಗೂಡ್ಸ್ ಎಳೆದೆಳೆದು ಮಸಿ ಹಿಡಿದ ಡಬ್ಲ್ಯುಜಿಯನ್ನು ಮನಸ್ಸಿಗೆ ಹಚ್ಚಿಕೊಂಡವರು ಕಡಿಮೆ. ಬ್ಲೇಡು ಕೈಗೆತ್ತಿಕೊಳ್ಳುವ ಮುಂಚೆ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ.

ಯಾವ ಡಬ್ಲ್ಯುಜಿ ಮಾಡುತ್ತೀಯ? ಇದನ್ನು ಮೊದಲು ತೀರ್ಮಾನ ಮಾಡು. 1950ರಿಂದ 1970ರವರೆಗೆ 2,450 ಡಬ್ಲ್ಯುಜಿಗಳು ತಯಾರಾದವು. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಸೇರಿ ಹಲವು ದೇಶಗಳ ಕಾರ್ಖಾನೆಗಳಿಂದ ಬಂದವು, ನಮ್ಮ ಚಿತ್ತರಂಜನ್‌ನಿಂದಲೂ ಬಂದವು. ಚಿತ್ತರಂಜನ್‌ನ ಚೊಚ್ಚಲ ಎಂಜಿನ್ 8401, ಹೆಸರು ದೇಶಬಂಧು. ಕೊನೆಯ ಡಬ್ಲ್ಯುಜಿ 10560, ಹೆಸರು ಅಂತಿಮ್ ಸಿತಾರಾ. ಇಪ್ಪತ್ತು ವರ್ಷಗಳ ಅಂತರದ ಈ ಎರಡನ್ನೂ ಒಂದೇ ಅಚ್ಚಿನವು ಎಂದುಕೊಂಡು ಕೆಲಸಕ್ಕೆ ಕೂತರೆ ನಿನ್ನ ಕೈಯಿಂದ ಮೂಡುವುದು ಎಲ್ಲೂ ಓಡದ ಎಂಜಿನ್. ನಂಬರು ಆರಿಸಿದ ಮೇಲೆ ಇಸವಿಯನ್ನೂ ಆರಿಸು. ಪಿಓಎಚ್ ಎಂಬ ದೊಡ್ಡ ದುರಸ್ತಿಗೆಂದು ವರ್ಕ್‌ಶಾಪ್ ಸೇರಿದ ಎಂಜಿನ್ ಹೊರಗೆ ಬರುವಾಗ ಬೇರೆ ಬಾಯ್ಲರ್, ಬೇರೆ ಟೆಂಡರ್ ಹೊತ್ತು ಬರಬಹುದು. ಆ ಇಸವಿಯ ಫೋಟೊ ಎಡಬಲ ಎರಡೂ ಕಡೆಯದು ಬೇಕು, ಏಕೆಂದರೆ ಉಗಿ ಎಂಜಿನ್ನಿನ ಒಂದು ಪಕ್ಕದ ಪೈಪುಗಳು ಇನ್ನೊಂದು ಪಕ್ಕದಲ್ಲಿ ಇರುವುದಿಲ್ಲ. ಒಂದೇ ಬದಿಯ ಚಿತ್ರ ಸಿಕ್ಕಿದರೆ ಆ ನಂಬರು ಬಿಟ್ಟು ಎರಡೂ ಬದಿ ಸಿಗುವ ನಂಬರು ಹುಡುಕು. ಹ್ಯೂ ಹ್ಯೂಸ್ ಅವರ ‘ಇಂಡಿಯನ್ ಲೋಕೊಮೊಟಿವ್ಸ್’ ಸಂಪುಟಗಳಲ್ಲಿ ನಾಲ್ಕನೆಯದು 1941ರಿಂದ 1990ರವರೆಗಿನದು. ಹೇಗಾದರೂ ಮಾಡಿ ಅದನ್ನು ಸಂಪಾದಿಸಿಕೋ.

ಇನ್ನು ನೀನು ತರಿಸಿಕೊಂಡ ಎಂಜಿನ್. ಅದು 1918ರಲ್ಲಿ ಮಹಾಯುದ್ಧದ ನಡುವೆ ಅಮೆರಿಕ ಸರ್ಕಾರ ರೈಲ್ವೆಗಳನ್ನು ಕೈಗೆ ತೆಗೆದುಕೊಂಡಿದ್ದಾಗ ರೂಪಿಸಿದ ಯುಎಸ್‌ಆರ್‌ಎ ಲೈಟ್ ಮಿಕಾಡೊ. ಇದನ್ನು ಆರಿಸಿದ್ದು ಬಹಳ ಸರಿ. ಬ್ರಿಟಿಷ್ ಮಾದರಿ ಸುಲಭವಾಗಿ ಸಿಗುತ್ತದೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. 1947ರಲ್ಲಿ ಮೊದಲ ಡಬ್ಲ್ಯುಪಿಗಳನ್ನು ಕಟ್ಟಿಕೊಟ್ಟದ್ದು ಅಮೆರಿಕದ ಬಾಲ್ಡ್‌ವಿನ್ ಕಂಪನಿ, ಡಬ್ಲ್ಯುಜಿ ಹೊತ್ತದ್ದು ಅದೇ ಡಬ್ಲ್ಯುಪಿಯ ಬಾಯ್ಲರ್. ಬಾರ್ ಫ್ರೇಮಿನ ಮೇಲೆ ಎತ್ತರಕ್ಕೆ ಕೂತ ಬಾಯ್ಲರ್, ಅದರ ಕೆಳಗೆ ಚಕ್ರಗಳ ನಡುವಿನಿಂದ ಆಚೆಬದಿಯ ಬೆಳಕು ಕಾಣುವುದು, ಹೊರಗೇ ಓಡುವ ಪೈಪುಗಳು, ಇವೆಲ್ಲ ಆ ಮನೆತನದಿಂದ ಬಂದದ್ದು. ಬ್ರಿಟಿಷ್ ಎಂಜಿನ್ನಿನ ಆಳವಾದ ಪ್ಲೇಟ್ ಫ್ರೇಮಿನ ಮೇಲೆ ಎಷ್ಟು ಕುಸುರಿ ಮಾಡಿದರೂ ಆ ಬೆಳಕು ತರಲಾರೆ.

ಲೆಕ್ಕವೂ ನಿನ್ನ ಕಡೆಗಿದೆ. ಎಚ್‌ಓ ಅಳತೆಯಲ್ಲಿ ಒಂದು ಅಡಿಗೆ 3.5 ಮಿಲಿಮೀಟರ್, ಅಂದರೆ 1:87. ಡಬ್ಲ್ಯುಜಿಯ ದೊಡ್ಡ ಚಕ್ರದ ವ್ಯಾಸ 5 ಅಡಿ ಒಂದೂವರೆ ಇಂಚು, ಮಾದರಿಯಲ್ಲಿ ಸುಮಾರು 17.9 ಮಿಲಿಮೀಟರ್. ಮಿಕಾಡೊದ ಚಕ್ರ 63 ಇಂಚು, ಮಾದರಿಯಲ್ಲಿ 18.4. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಇದೇ ಲೆಕ್ಕವನ್ನು ಡಬ್ಲ್ಯುಪಿಗೆ ಹಾಕಿ ನೋಡು: ಬೇಕಾದದ್ದು 19.5, ಯುಎಸ್‌ಆರ್‌ಎ ಲೈಟ್ ಪೆಸಿಫಿಕ್ ಎಂಬ ಪ್ಯಾಸೆಂಜರ್ ಎಂಜಿನ್ ಕೊಡುವುದು 21.3. ಆ ಒಂದು ಮುಕ್ಕಾಲು ಮಿಲಿಮೀಟರ್‌ನಿಂದ ಚಕ್ರಗಳ ನಡುವಿನ ಸಂದು, ಫುಟ್‌ಪ್ಲೇಟಿನ ಎತ್ತರ, ಬಾಯ್ಲರ್ ಕೂರುವ ಮಟ್ಟ ಎಲ್ಲ ಕೆಡುತ್ತವೆ, ಮೂತಿ ಎಷ್ಟೇ ಚೆನ್ನಾಗಿದ್ದರೂ ದೂರದಿಂದಲೇ ಗೊತ್ತಾಗುತ್ತದೆ. ಚಾಸಿ ಸರಿಯಿದ್ದರೆ ಮೇಲಿನದನ್ನು ಯಾವಾಗ ಬೇಕಾದರೂ ತಿದ್ದಬಹುದು. ಚಾಸಿ ತಪ್ಪಿದರೆ ಮೇಲೆ ಮಾಡಿದ ಕೆಲಸವೆಲ್ಲ ನೀರು ಪಾಲು. ಆದ್ದರಿಂದ ಚಕ್ರಗಳ ನಡುವಿನ ಅಂತರವನ್ನು ನಕ್ಷೆಗೆ ಹಿಡಿದು ನೋಡದೆ ಏನನ್ನೂ ಕತ್ತರಿಸಬೇಡ.

ಹಳಿಯ ವಿಷಯ ನಿನ್ನನ್ನು ಕಾಡಿಯೇ ಕಾಡುತ್ತದೆ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್, 87ರಿಂದ ಭಾಗಿಸಿದರೆ 19.26. ಅಂಗಡಿಯ ಹಳಿ 16.5. ಕೆಲವರು ಆಕ್ಸಲ್ ಅಗಲಿಸಿ, ಹಳಿಯನ್ನೂ ಪಾಯಿಂಟುಗಳನ್ನೂ ಕೈಯಾರೆ ಹಾಕಿಕೊಳ್ಳುತ್ತಾರೆ. ಅಂಥವರಿಗೆ ನಾನು ಕೈ ಮುಗಿಯುತ್ತೇನೆ. 1:100ರ ಅಳತೆ ಹಿಡಿದರೆ ಗೇಜ್ 16.76ಕ್ಕೆ ಬಂದು ಹೆಚ್ಚುಕಡಿಮೆ ಕೂರುತ್ತದೆ, ಆದರೆ ಆಗ ಚಕ್ರ 15.6 ಆಗಬೇಕು, ಈ ಮಿಕಾಡೊ ಉಪಯೋಗಕ್ಕೆ ಬರುವುದಿಲ್ಲ. ಮೊದಲ ಎಂಜಿನ್ನಿಗೆ 16.5ರಲ್ಲೇ ಇರು. ಪಕ್ಕದಿಂದ ನೋಡಿದಾಗ ಗೇಜ್ ಕಾಣುವುದಿಲ್ಲ. ಎದುರಿನಿಂದ ಕಾಣುವ ಕೊರತೆಯನ್ನು ಸರಿಯಗಲದ ಬಫರ್ ಬೀಮ್, ದನತಡೆ, ಸಿಲಿಂಡರುಗಳು ಬಹುಮಟ್ಟಿಗೆ ಮುಚ್ಚುತ್ತವೆ. ಬೆಂಗಳೂರು–ಮೈಸೂರು, ಶಿವಮೊಗ್ಗ–ತಾಳಗುಪ್ಪದ ಹಳೆಯ ಮೀಟರ್ ಗೇಜ್ ಕಡೆ ಮುಂದೆ ಮನಸ್ಸು ಹರಿದರೆ ಈ ತೊಡಕು ಇನ್ನೂ ಹಗುರ: 1:87ರಲ್ಲಿ ಅದು 11.5, ಸಿಗುವ ಹಳಿ 12. ಆ ಗೇಜಿನ ವೈಪಿ, ವೈಜಿ ಎಂಜಿನ್ನುಗಳೆರಡಕ್ಕೂ ಬಾಯ್ಲರ್ ಒಂದೇ ಆದ್ದರಿಂದ ಒಂದರ ಶ್ರಮ ಎರಡಕ್ಕೂ ಒದಗುತ್ತದೆ.

ಈಗ ಕೈಕೆಲಸ. ಸೇರಿಸುವುದಕ್ಕಿಂತ ಮೊದಲು ತೆಗೆಯಬೇಕು. ಗಂಟೆ ತೆಗೆ, ನಮ್ಮ ಎಂಜಿನ್ನುಗಳಿಗೆ ಗಂಟೆಯಿಲ್ಲ. ಬಾಯ್ಲರ್ ಪಕ್ಕದಲ್ಲಿ ನೇತಾಡುವ ಏರ್ ಪಂಪು ತೆಗೆ. ಅಮೆರಿಕದ ರೈಲು ನಿಲ್ಲುತ್ತಿದ್ದದ್ದು ಗಾಳಿಯ ಒತ್ತಡದ ಬ್ರೇಕಿನಿಂದ, ನಮ್ಮ ಉಗಿಕಾಲದ ರೈಲು ನಿರ್ವಾತದ ಬ್ರೇಕಿನಿಂದ. ನಿರ್ವಾತ ಉಂಟುಮಾಡುತ್ತಿದ್ದದ್ದು ಎಜೆಕ್ಟರ್. ಈ ಒಂದು ಕಾರಣಕ್ಕೆ ಪಂಪು, ಗಾಳಿಯ ಸಿಲಿಂಡರುಗಳು, ಅವುಗಳಿಗೆ ಸುತ್ತಿ ಬಂದ ಕೊಳವೆಗಳು ಎಲ್ಲ ಹೋಗಿ, ಎಜೆಕ್ಟರ್ ಮತ್ತು ಅದರ ದಪ್ಪ ಪೈಪು ಬರಬೇಕು. ಯಾವ ಪೈಪು ಯಾಕೆ ಅಲ್ಲಿದೆ ಎಂದು ಗೊತ್ತಿದ್ದವನು ಫೋಟೊದ ಮಸುಕು ಭಾಗವನ್ನೂ ಸರಿಯಾಗಿ ಓದುತ್ತಾನೆ. ಅದಕ್ಕಾಗಿ ಮೈಸೂರಿನ ರೈಲ್ವೆ ಸಂಗ್ರಹಾಲಯಕ್ಕೆ ಹೋಗು. 1979ರಲ್ಲಿ ಶುರುವಾದ ಆ ಅಂಗಳದಲ್ಲಿ ನಿನ್ನ ನಂಬರಿನ ಎಂಜಿನ್ ಇಲ್ಲದಿದ್ದರೂ ಪರವಾಗಿಲ್ಲ. ನಿಂತಿರುವ ಯಾವುದೇ ಉಗಿ ಎಂಜಿನ್ನಿನ ಒಂದು ಪೈಪು ಹಿಡಿದು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಕಣ್ಣಲ್ಲೇ ನಡೆದು ಬಾ.

ಮುಂಗಡೆಯ ಅಮೆರಿಕದ ಕಪ್ಲಿಂಗ್ ಹೋಗಿ ಬಫರುಗಳೂ ಸ್ಕ್ರೂ ಕಪ್ಲಿಂಗೂ ಬರಬೇಕು. ಕ್ಯಾಬನ್ನು ತಿದ್ದುವ ಸಾಹಸ ಬೇಡ, ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದಾಗಿ ಕಟ್ಟು. ಟೆಂಡರಿಗೂ ಹಾಗೇ: ಹಳೆಯ ಚಕ್ರಗಳನ್ನಿಟ್ಟುಕೊಂಡು ಮೇಲ್ಭಾಗ ಪೂರ್ತಿ ಹೊಸದು.

ಚಿಮಣಿಗೆ ಮಾತ್ರ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಮುಖದಲ್ಲಿ ಮೂಗಿದ್ದಂತೆ ಅದು; ಮಿಲಿಮೀಟರಿನ ಮೂರನೇ ಒಂದಂಶ ಉದ್ದವಾದರೂ ಎಂಜಿನ್ ಬೇರೆ ಯಾರೋ ಆಗಿಬಿಡುತ್ತದೆ. ಹಿತ್ತಾಳೆ ಕೊಳವೆಯಲ್ಲಿ ಮೂರ್ನಾಲ್ಕು ಮಾಡಿಕೋ. ಅಂಟಿಸದೆ ಒಂದೊಂದನ್ನೇ ನಿಲ್ಲಿಸಿ, ನಿಜವಾದ ಫೋಟೊ ತೆಗೆದ ಕೋನದಿಂದಲೇ ಫೋಟೊ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ಕೈಗೆ ತಿಳಿಯದ ತಪ್ಪು ಚಿತ್ರದಲ್ಲಿ ತಿಳಿಯುತ್ತದೆ. ಡೋಮ್‌ಗೂ ಇದನ್ನೇ ಮಾಡು. ರಿವೆಟ್ಟುಗಳನ್ನು ಎಣಿಸುತ್ತಾ ಕೂರುವವರಿದ್ದಾರೆ, ಅವರ ಶ್ರದ್ಧೆ ದೊಡ್ಡದು. ಆದರೂ ಚಿಮಣಿ, ಡೋಮ್, ಕ್ಯಾಬಿನ ಎತ್ತರ ಒಂದಕ್ಕೊಂದು ಹೊಂದುವವರೆಗೆ ರಿವೆಟ್ಟಿನ ಸುದ್ದಿಗೆ ಹೋಗಬೇಡ.

ಪಿಸ್ಟನ್ ರಾಡುಗಳಿಗೆ, ವಾಲ್ವ್ ಗೇರಿಗೆ ಕೈ ಹಾಕದಿರು. ಅವು ಸರಾಗವಾಗಿ ಆಡುತ್ತಿರುವವರೆಗೆ ದೇವರ ದಯೆ. ಬಾಯ್ಲರ್ ಒಳಗೆ ಸೀಸ ತುಂಬುವಾಗ ಭಾರದ ನಡು ನಾಲ್ಕು ಜೋಡಿ ದೊಡ್ಡ ಚಕ್ರಗಳ ನಡುವೆ ಬೀಳಲಿ. ಮೋಟಾರಿಗೆ ಗಾಳಿಯಾಡಲು ಜಾಗ ಬಿಡು. ಕೆಳಗಿನಿಂದ ಕಾಣುವ ಅದರ ಮೈಗೆ ಮಂಕು ಕಪ್ಪು ಹಚ್ಚಿದರೆ ನಾನು ಹೇಳಿದ ಆ ಬೆಳಕಿನ ಸಂದು ಉಳಿಯುತ್ತದೆ.

ಬಣ್ಣ ಕಪ್ಪೇ, ಆದರೆ ಡಬ್ಬಿಯ ಕಡುಕಪ್ಪು ಬೇಡ. ಅಷ್ಟು ಚಿಕ್ಕ ಮೈಮೇಲೆ ಅದು ವಿವರವನ್ನೆಲ್ಲ ನುಂಗುತ್ತದೆ. ಸ್ವಲ್ಪ ಬೂದು ಬೆರೆಸು. ಸೇಫ್ಟಿ ವಾಲ್ವಿನ ಸುತ್ತ ಗಡಸುನೀರಿನ ಸುಣ್ಣದ ಬಿಳಿ, ಟೆಂಡರಿನ ಅಂಚಿನಲ್ಲಿ ಕಲ್ಲಿದ್ದಲ ಪುಡಿ, ರಾಡುಗಳ ಮೇಲೆ ಎಣ್ಣೆಯ ಹೊಳಪು ಇದ್ದರೆ ಸಾಕು. ಆದರೆ ಅದಕ್ಕೂ ಮುಂಚೆ, ಬಣ್ಣವಿಲ್ಲದ ಹಿತ್ತಾಳೆ ಮತ್ತು ಪ್ಲಾಸ್ಟಿಕ್ಕಿನಲ್ಲೇ ಅದನ್ನು ಹಳಿಯ ಮೇಲೆ ಚೆನ್ನಾಗಿ ಓಡಿಸಿ, ತಿರುವುಗಳಲ್ಲಿ ಎಲ್ಲೂ ತಾಗದೆಂದು ಖಚಿತ ಮಾಡಿಕೊಂಡು, ಎರಡೂ ಬದಿಯ ಫೋಟೊ ತೆಗೆದು ನನಗೆ ಕಳಿಸು. ಚಿಮಣಿಯ ಎತ್ತರ ನೋಡಿ ಹೇಳುತ್ತೇನೆ.